ಕೆಲಸ ಬದಲಿಸಿ ರಿಕ್ರೂಟರ್ ಆಗುವುದು: ಕಾರವಾರ, ಶಿರಸಿ ಕಡೆಯವರಿಗೆ ಒಂದು ದಾರಿ

ಶಿರಸಿ ಕಡೆ ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ತೋಟದವರಿಗೆಲ್ಲ ಒಂದೇ ಚಿಂತೆ. ಕೊನೆಗೌಡ ಸಿಗ್ತಾನಾ? ಮರ ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಜೀಕಿ, ಕೊನೆ ಕೊಯ್ದು ಇಳಿಸುವವರು ಈಗ ಊರಿಗೆ ಒಬ್ಬರೋ ಇಬ್ಬರೋ. ನನ್ನ ಮಾವನ ಊರಿನಲ್ಲಿ ಒಬ್ಬರು ಕಿರಾಣಿ ಅಂಗಡಿಯವರಿದ್ದಾರೆ. ಯಾವ ಕೊನೆಗೌಡ ಯಾವ ವಾರ ಯಾರ ತೋಟದಲ್ಲಿರುತ್ತಾನೆ, ಯಾರು ಮುಂಗಡ ತೆಗೆದುಕೊಂಡಿದ್ದಾನೆ, ಯಾರಿಗೆ ಬೆನ್ನುನೋವು, ಮಧ್ಯಾಹ್ನದ ಊಟ ಸರಿಯಿಲ್ಲದಿದ್ದರೆ ಯಾರು ಮರುದಿನ ಬರುವುದಿಲ್ಲ, ಎಲ್ಲವೂ ಅವರ ತಲೆಯಲ್ಲಿದೆ. ಫೋನ್ ಮಾಡಿದರೆ "ಸೋಮವಾರ ಬೇಡ, ಗುರುವಾರಕ್ಕೆ ಹೇಳಿ" ಎನ್ನುತ್ತಾರೆ. ರಿಕ್ರೂಟರ್, ಅಂದರೆ ಕೆಲಸಕ್ಕೆ ಜನ ಹುಡುಕಿಕೊಡುವವರು, ಎಂಬ ಪದ ಅವರ ಬಾಯಲ್ಲಿ ಒಮ್ಮೆಯೂ ಬಂದಿರಲಿಕ್ಕಿಲ್ಲ. ಮಾಡುತ್ತಿರುವುದು ಮಾತ್ರ ಅದೇ ಕೆಲಸ.

ನಾನು ಹನ್ನೊಂದು ವರ್ಷ ಮೆಡಿಕಲ್ ರೆಪ್ ಆಗಿದ್ದವನು. ಹೆಗಲಿಗೊಂದು ಬ್ಯಾಗು, ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66, ಡಾಕ್ಟರ ಕೋಣೆಯ ಹೊರಗೆ ಕಾಯುವುದು. ಮೂವತ್ತೈದಕ್ಕೆ ಅದನ್ನು ಬಿಟ್ಟು ನೇಮಕಾತಿ ಕೆಲಸಕ್ಕೆ ಬಂದೆ. ಈಗ ಕುಮಟಾದ ಮನೆಯಲ್ಲೇ ಕೂತು ಆಸ್ಪತ್ರೆ, ಹೋಟೆಲ್, ಸಣ್ಣ ಕಾರ್ಖಾನೆಗಳಿಗೆ ಜನ ಹುಡುಕಿಕೊಡುತ್ತೇನೆ. ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ "ನಾನೂ ಆ ಲೈನಿಗೆ ಬರಬಹುದಾ?" ಎಂದು ಕೇಳುತ್ತಾರೆ. ಬ್ಯಾಂಕಿನವರು, ಖಾಸಗಿ ಕಾಲೇಜಿನ ಲೆಕ್ಚರರ್‌ಗಳು, ಬೆಂಗಳೂರು ಬಿಟ್ಟು ಊರಿಗೆ ಬಂದವರು. ಪ್ರತಿ ಸಲ ಅರ್ಧ ಗಂಟೆ ಹೇಳುವುದನ್ನು ಈ ಸಲ ಬರೆದಿಡೋಣ ಅನ್ನಿಸಿತು.

ಕೆಲಸ ಎಂದರೆ ಏನು

ನೇಮಕಾತಿಯಲ್ಲಿ ಮುಖ್ಯವಾಗಿ ಮೂರು ಮನೆಗಳಿವೆ. ಒಂದು ಕನ್ಸಲ್ಟೆನ್ಸಿ. ಬೇರೆ ಬೇರೆ ಕಂಪನಿಗಳಿಗೆ ಜನ ಹುಡುಕಿಕೊಟ್ಟು ಕಂಪನಿಯಿಂದ ಶುಲ್ಕ ಪಡೆಯುತ್ತದೆ. ಇನ್ನೊಂದು ಇನ್‌ಹೌಸ್. ಒಂದೇ ಕಂಪನಿಯ ಎಚ್‌ಆರ್ ವಿಭಾಗದೊಳಗೆ ಕೂತು ಅದೇ ಕಂಪನಿಗೆ ಜನ ತರುವುದು. ಮೂರನೆಯದು ಸ್ಟಾಫಿಂಗ್. ಜನರನ್ನು ತನ್ನದೇ ಸಂಬಳಪಟ್ಟಿಯಲ್ಲಿ ಇಟ್ಟುಕೊಂಡು ಬೇರೆಡೆ ಗುತ್ತಿಗೆಗೆ ಕಳಿಸುತ್ತದೆ. ಹೊಸಬರು ಹೆಚ್ಚಾಗಿ ಕನ್ಸಲ್ಟೆನ್ಸಿಯಿಂದ ಶುರು ಮಾಡುತ್ತಾರೆ. ಅಲ್ಲಿ ಬಾಗಿಲು ಸುಲಭಕ್ಕೆ ತೆರೆಯುತ್ತದೆ, ಕಲಿಕೆಯೂ ಬೇಗ. ಒತ್ತಡ ಜಾಸ್ತಿ ಅನ್ನುವುದೂ ನಿಜ.

ಟ್ಯಾಲೆಂಟ್ ಅಡ್ವೈಸರಿ ಎಂದು ದೊಡ್ಡ ಹೆಸರಿನಲ್ಲಿ ಕರೆಯುವ ಕೆಲಸ, ಅಂದರೆ ನೇಮಕಾತಿ ಬಗ್ಗೆ ಕಂಪನಿಗೆ ಸಲಹೆ ಕೊಡುವುದು, ಇವುಗಳ ಮೇಲೆ ಬೆಳೆಯುತ್ತದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ದಿನದ ಕೆಲಸ ಹೇಗಿರುತ್ತದೆ ಎಂದು ಕೇಳಿದರೆ, ಫೋನ್. ಅರ್ಧ ಜನ ಎತ್ತುವುದಿಲ್ಲ. ಎತ್ತಿದವರಲ್ಲಿ ಅರ್ಧ ಜನ "ಸಂಜೆ ಮಾಡಿ" ಎನ್ನುತ್ತಾರೆ. ಸಂಜೆ ಅವರೂ ಎತ್ತುವುದಿಲ್ಲ. ಇಂಟರ್‌ವ್ಯೂಗೆ ಒಪ್ಪಿದವನು ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡುತ್ತಾನೆ. ಜನರ ಜೊತೆ ಮಾತಾಡುವುದು ಇಷ್ಟ ಎಂದು ಈ ಕೆಲಸಕ್ಕೆ ಬರುವವರು ಬಹಳ. ಮಾತು ಇಷ್ಟ ಇದ್ದರೆ ಸಾಲದು, ಮಾತು ಸಿಗದಿದ್ದಾಗ ಬೇಸರವಿಲ್ಲದೆ ಮತ್ತೊಂದು ನಂಬರ್ ಒತ್ತುವ ಸ್ವಭಾವ ಬೇಕು. ನನಗೆ ಇದನ್ನು ಕಲಿಸಿದ್ದು ಡಾಕ್ಟರ ಬಾಗಿಲು.

ರಾಜೀನಾಮೆಗೆ ಮೊದಲು ಎರಡು ವಾರ

ಕೆಲಸ ಬಿಡಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಊರಿನಲ್ಲೇ ಖಾಲಿ ಇರುವ ಒಂದು ಹುದ್ದೆ ಹುಡುಕಿ. ಲಾಡ್ಜಿಗೆ ರಿಸೆಪ್ಶನಿಸ್ಟ್ ಬೇಕಿರಬಹುದು, ಅಡಿಕೆ ವ್ಯಾಪಾರಿಗೆ ಟ್ಯಾಲಿ ಬರುವ ಅಕೌಂಟೆಂಟ್ ಬೇಕಿರಬಹುದು, ಮೆಡಿಕಲ್ ಶಾಪಿಗೆ ಡಿಫಾರ್ಮಾ ಆದವರು ಬೇಕಿರಬಹುದು. ಯಜಮಾನರ ಹತ್ತಿರ ಹೋಗಿ "ಹದಿನೈದು ದಿನದಲ್ಲಿ ಮೂರು ಜನರನ್ನು ತೋರಿಸ್ತೇನೆ, ದುಡ್ಡು ಬೇಡ" ಎನ್ನಿ. ಯಾರೂ ಬೇಡ ಎನ್ನುವುದಿಲ್ಲ.

ನಿಯಮ ಎರಡೇ. ನಿಮ್ಮ ನೆಂಟರು, ನಿಮ್ಮ ಜಾತಿಯವರು, ಗೆಳೆಯನ ತಮ್ಮ, ಇವರು ಯಾರೂ ಲೆಕ್ಕಕ್ಕಿಲ್ಲ. ಮತ್ತೆ, ಕಡಿಮೆಯೆಂದರೂ ಇಪ್ಪತ್ತು ಜನರ ಜೊತೆ ಮಾತಾಡಿ, ಪ್ರತಿಯೊಬ್ಬರ ಬಗ್ಗೆ ಎರಡು ಸಾಲು ಬರೆದಿಡಿ.

ಮೊದಲ ನಿಯಮ ಯಾಕೆ ಅಂದರೆ, ನಮ್ಮ ಜಿಲ್ಲೆಯಲ್ಲಿ ಪರಿಚಯವೇ ಬಂಡವಾಳ, ಪರಿಚಯವೇ ಬಲೆ. "ನಮ್ಮವ ಒಬ್ಬ ಇದ್ದಾನೆ" ಎನ್ನುವ ಮಾತು ಇಲ್ಲಿ ಎಷ್ಟು ಸಲೀಸು, ಅಲ್ವಾ? ಆ ಒಬ್ಬನನ್ನು ಸೇರಿಸುವುದಕ್ಕೆ ರಿಕ್ರೂಟರ್ ಬೇಕಿಲ್ಲ. ನಿಮ್ಮವರಲ್ಲದ, ನಿಮಗೆ ಗೊತ್ತೇ ಇಲ್ಲದ ಒಬ್ಬ ಹುಡುಗಿ ಹಳಿಯಾಳದಲ್ಲೋ ಮುಂಡಗೋಡಿನಲ್ಲೋ ಇದ್ದು, ಆ ಹುದ್ದೆಗೆ ಅವಳೇ ಸರಿ ಎಂದು ಕಂಡುಹಿಡಿಯುವುದು ಈ ಕೆಲಸ.

ಎರಡು ವಾರ ಮುಗಿದಾಗ ಆಯ್ಕೆಯಾಗದ ಹದಿನೇಳು ಜನರಿಗೆ ನೀವೇ ಫೋನ್ ಮಾಡಿ "ಈ ಸಲ ಆಗಲಿಲ್ಲ" ಎಂದು ಹೇಳಿ. ಇದನ್ನು ಮಾಡುವಾಗ ನಿಮಗೆ ಹೇಗನ್ನಿಸಿತು ಎಂದು ನೋಡಿಕೊಳ್ಳಿ. ಮುಂದೂಡುತ್ತಾ ಮುಂದೂಡುತ್ತಾ ಮಾಡದೇ ಬಿಟ್ಟಿರಾದರೆ ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಗದರಿಸಿ ಹೇಳುತ್ತಿಲ್ಲ. ಈ ಒಂದು ಫೋನ್ ಮಾಡದ ರಿಕ್ರೂಟರ್‌ಗಳಿಂದಲೇ ನಮ್ಮ ಕಸುಬಿಗೆ ಇಷ್ಟು ಕೆಟ್ಟ ಹೆಸರು.

ಹಳೆ ಕೆಲಸವನ್ನು ಬಿಸಾಡಬೇಡಿ

ಹೊಸ ಲೈನಿಗೆ ಬರುವವರು ತಮ್ಮ ಹಳೆ ಅನುಭವವನ್ನು ರೆಸ್ಯೂಮೆಯ ಕೆಳಗೆ ಅಡಗಿಸಿಡುತ್ತಾರೆ. ತಪ್ಪು. ಅದನ್ನೇ ಮೇಲೆ ಹಾಕಿ. ನರ್ಸ್ ಆಗಿದ್ದವರು ಆಸ್ಪತ್ರೆಗಳ ನೇಮಕಾತಿಗೆ ಹೋಗಲಿ. ಜಿಎನ್‌ಎಂ ಡಿಪ್ಲೊಮಾ ಮತ್ತು ಬಿಎಸ್‌ಸಿ ನರ್ಸಿಂಗ್ ಪದವಿ ನಡುವಿನ ವ್ಯತ್ಯಾಸ, ಐಸಿಯುನಲ್ಲಿ ರಾತ್ರಿ ಪಾಳಿ ಅಂದರೆ ಏನು, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಯಾಕೆ ನೋಡಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಹೋಟೆಲಿನಲ್ಲಿ ಇದ್ದವರಿಗೆ ಗೋಕರ್ಣ, ಮುರುಡೇಶ್ವರ, ಗೋವಾ ಇವೆ. ಐಟಿಐ ಕಲಿತು ಶಾಪ್‌ಫ್ಲೋರಿನಲ್ಲಿ ನಿಂತವರು ಫಿಟ್ಟರ್ ಜೊತೆ ಐದು ನಿಮಿಷ ಮಾತಾಡಿದರೆ ಅವನಿಗೆ ಕೆಲಸ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಎಂಬಿಎ ಮಾಡಿದ ಹುಡುಗನಿಗೆ ಅದು ಅರ್ಧ ದಿನ ಕೂತರೂ ಗೊತ್ತಾಗುವುದಿಲ್ಲ.

ಭಾಷೆಯನ್ನೂ ಬರೆಯಿರಿ. ಕನ್ನಡ, ಕೊಂಕಣಿ, ಮರಾಠಿ, ಹಿಂದಿ, ಉರ್ದು. ನಮಗಿದು ಮನೆಯಂಗಳದ ಸಂಗತಿ, ಬರೆಯುವಂಥದ್ದು ಅನ್ನಿಸುವುದೇ ಇಲ್ಲ. ಕಾರವಾರದಿಂದ ಮಾಜಾಳಿ ಗಡಿ ದಾಟಿದರೆ ಗೋವಾ. ವೆರ್ನಾದ ಔಷಧ ಕಾರ್ಖಾನೆಗಳಿಗೆ ಜನ ಹುಡುಕುವ ಕನ್ಸಲ್ಟೆನ್ಸಿಗೆ ಕೊಂಕಣಿ, ಕನ್ನಡ ಎರಡೂ ಬರುವ ರಿಕ್ರೂಟರ್ ಸುಮ್ನೆ ಸಿಗುವುದಿಲ್ಲ.

ಎಂಎಸ್‌ಡಬ್ಲ್ಯೂ ಅಥವಾ ಎಚ್‌ಆರ್ ಎಂಬಿಎ ಬೇಕೇ? ಇನ್‌ಹೌಸ್ ಎಚ್‌ಆರ್ ಹುದ್ದೆಗೆ ಕೇಳುವವರಿದ್ದಾರೆ. ಕನ್ಸಲ್ಟೆನ್ಸಿಯಲ್ಲಿ ಶುರು ಮಾಡಲು ಬೇಕಿಲ್ಲ. ಐವತ್ತು ಸಾವಿರ ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತೆಗೆದುಕೊಳ್ಳುವ ಮೊದಲು ಆ ದುಡ್ಡು ಮೂರು ತಿಂಗಳ ಮನೆ ಖರ್ಚಿಗೆ ಎಷ್ಟು ಬೇಕಾಗುತ್ತದೆ ಎಂದು ಯೋಚಿಸಿ.

ಕಲಿಯಲೇಬೇಕಾದ ಕಸುಬು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಮೊದಲನೆಯದು, ಕಂಪನಿಯವರನ್ನು ಪ್ರಶ್ನೆ ಕೇಳುವುದು. ಅವರು ಒಂದು ಜೆಡಿ ಕಳಿಸುತ್ತಾರೆ, ಅಂದರೆ ಹುದ್ದೆಯ ವಿವರ. ಅದರಲ್ಲಿ ಅರ್ಧ ಎಲ್ಲಿಂದಲೋ ನಕಲು ಹೊಡೆದದ್ದು. ಅದನ್ನು ಪಕ್ಕಕ್ಕಿಟ್ಟು ಕೇಳಿ: ಈ ಜಾಗದಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು? ಸೇರಿದ ಮೂರು ತಿಂಗಳಲ್ಲಿ ಇವರು ಏನು ಮಾಡಿದ್ದರೆ ನಿಮಗೆ ಖುಷಿ? ಜೆಡಿಯಲ್ಲಿರುವ ಹತ್ತು ಅರ್ಹತೆಗಳಲ್ಲಿ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವ ಮೂರು ಯಾವುವು? ಉಳಿಯಲು ಜಾಗ ಕೊಡುತ್ತೀರಾ, ಒಂದು ಕೋಣೆಗೆ ಎಷ್ಟು ಜನ? ಅಂತಿಮ ತೀರ್ಮಾನ ಯಾರದ್ದು? ಕೊನೆಯ ಪ್ರಶ್ನೆ ಬಿಟ್ಟರೆ ಕೆಟ್ಟಿರಿ. ಮ್ಯಾನೇಜರ್ ಒಪ್ಪಿ, ಮರುದಿನ ಯಜಮಾನರ ಅಳಿಯ ಬೇಡ ಎಂದ ಪ್ರಸಂಗಗಳು ನನ್ನ ಹತ್ತಿರ ಬೇಕಾದಷ್ಟಿವೆ.

ಎರಡನೆಯದು, ಹುಡುಕುವುದು. ಇದನ್ನು ಸೋರ್ಸಿಂಗ್ ಎನ್ನುತ್ತಾರೆ. ನೌಕರಿ, ಲಿಂಕ್ಡ್‌ಇನ್, ಅಪ್ನಾ ಇಂಥ ಜಾಲತಾಣ, ಆ್ಯಪ್‌ಗಳಲ್ಲಿ ಹುಡುಕುವಾಗ ಆ್ಯಂಡ್, ಆರ್, ನಾಟ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಬಳಸಿ ಬೇಕಾದ್ದನ್ನು ಸೋಸಬಹುದು. ಬೂಲಿಯನ್ ಸರ್ಚ್ ಎಂದು ಇದರ ಹೆಸರು, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಉದಾಹರಣೆಗೆ ನರ್ಸ್ ಆರ್ ಜಿಎನ್‌ಎಂ, ಇಷ್ಟನ್ನು ಒಂದು ಕಂಸದಲ್ಲಿ ಹಾಕಿ, ಆ್ಯಂಡ್ ಐಸಿಯು ಎಂದು ಸೇರಿಸಿದರೆ ಎರಡೂ ಗುಣ ಇರುವವರು ಮಾತ್ರ ಬರುತ್ತಾರೆ.

ಇಷ್ಟು ಎಲ್ಲ ಕಡೆ ಹೇಳಿಕೊಡುತ್ತಾರೆ. ನಮ್ಮ ಕಡೆಯ ಕಷ್ಟ ಬೇರೆ. ಶಿರಸಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ಸಿರ್ಸಿ ಎಂದು ಬರೆದರೆ ಇನ್ನೊಬ್ಬರು ಶಿರ್ಸಿ ಎನ್ನುತ್ತಾರೆ, ನಡುವೆ ಹರಿಯಾಣದ ಸಿರ್ಸಾ ಬಂದು ಕೂರುತ್ತದೆ. ಹೊನ್ನಾವರಕ್ಕೆ ಒಂದು ಎನ್ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ನಾವು ಯುಕೆ ಎಂದು ಕರೆದುಕೊಳ್ಳುತ್ತೇವಲ್ಲ, ಅದನ್ನು ಹಾಕಿ ಹುಡುಕಿದರೆ ಲಂಡನ್ನಿನವರು ಬರುತ್ತಾರೆ! ಎಲ್ಲ ಸ್ಪೆಲಿಂಗುಗಳನ್ನೂ ಆರ್ ಹಾಕಿ ಸೇರಿಸಿ. ಇನ್ನೊಂದು ಉಪಾಯ, ಈಗ ಇರುವ ಊರಿನಿಂದ ಹುಡುಕುವ ಬದಲು ಓದಿದ ಕಾಲೇಜಿನಿಂದ ಹುಡುಕಿ. ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಊರಿಗೆ ಬರಲು ಕಾಯುತ್ತಿರುವವರು ಸಿಗುವುದು ಹೀಗೆ. ಪಿಯುಸಿ ಕುಮಟಾ, ಈಗ ಬೆಂಗಳೂರು, ತಂದೆ ತಾಯಿ ಊರಲ್ಲಿ. ನನ್ನ ಒಳ್ಳೆಯ ನೇಮಕಾತಿಗಳಲ್ಲಿ ಜಾಸ್ತಿ ಈ ರೀತಿಯವು.

ಮೂರನೆಯದು, ಫೋನ್ ಮಾತು. ಹೆಸರು, ಎಲ್ಲಿಂದ ಮಾತಾಡುತ್ತಿದ್ದೀರಿ, ಯಾವ ಹುದ್ದೆ ಎಂದು ಹೇಳಿ "ಈಗ ಮಾತಾಡಬಹುದಾ?" ಎಂದು ಕೇಳಿ. ಆಮೇಲೆ ಅವರು ಈಗ ಮಾಡುತ್ತಿರುವ ಕೆಲಸವನ್ನು ಅವರ ಬಾಯಿಂದಲೇ ಹೇಳಿಸಿ. ಈಗ ರೆಸ್ಯೂಮೆಗಳನ್ನು ಎಐ ಬರೆದುಕೊಡುತ್ತದೆ, ಎಲ್ಲ ಒಂದೇ ಅಚ್ಚಿನ ಇಡ್ಲಿ. "ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೋದ ಮೇಲೆ ಮೊದಲು ಏನು ಮಾಡಿದಿರಿ?" ಎಂದು ಕೇಳಿದರೆ ಎಐ ಸಹಾಯಕ್ಕೆ ಬರುವುದಿಲ್ಲ.

ಮನೆಯಿಂದ ಕೆಲಸದ ಜಾಗಕ್ಕೆ ಹೇಗೆ ಬರುತ್ತೀರಿ ಎಂದು ತಪ್ಪದೆ ಕೇಳಿ. ಬೇರೆ ಊರಿನಲ್ಲಿ ಇದು ಸಣ್ಣ ಪ್ರಶ್ನೆ. ನಮ್ಮಲ್ಲಿ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ಮಳೆಗಾಲದಲ್ಲಿ ಕುಮಟಾ ಕಡೆಯಿಂದ ಕಾರವಾರಕ್ಕೆ ದಿನಾ ಓಡಾಡುತ್ತಿದ್ದ ನನ್ನ ಇಬ್ಬರು ಅಭ್ಯರ್ಥಿಗಳು ಕೆಲಸವನ್ನೇ ಬಿಟ್ಟರು. ಅಂದಿನಿಂದ ಉಳಿಯುವ ವ್ಯವಸ್ಥೆಯ ಮಾತನ್ನು ಮೊದಲ ಫೋನಿನಲ್ಲೇ ಮುಗಿಸುತ್ತೇನೆ.

ನಾಲ್ಕನೆಯದು, ಸಂಬಳದ ಲೆಕ್ಕ. ಇದನ್ನು ಬಾಯಿಲೆಕ್ಕದಲ್ಲಿ ಹೇಳಲು ಬರಬೇಕು. ಕಂಪನಿ "ವರ್ಷಕ್ಕೆ 3 ಲಕ್ಷ ಸಿಟಿಸಿ" ಎನ್ನುತ್ತದೆ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಹುಡುಗ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಾನೆ. ಮೂಲ ವೇತನ 12,500 ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12%, ಅಂದರೆ 1,500. ಗ್ರಾಚ್ಯುಟಿಗೆಂದು ತೆಗೆದಿಡುವುದು 4.81%, ಸುಮಾರು 600. ಇವೆರಡೂ ಸಿಟಿಸಿಯ ಹೊಟ್ಟೆಯಲ್ಲೇ ಇರುತ್ತವೆ. ಉಳಿದದ್ದು 22,900. ಅದರಲ್ಲಿ ನೌಕರನ ಪಾಲಿನ ಪಿಎಫ್ 1,500 ಕಳೆದರೆ ಕೈಗೆ 21,400. ತಿಂಗಳ ವೇತನ 21,000 ಅಥವಾ ಅದಕ್ಕಿಂತ ಕಡಿಮೆ ಇದ್ದು ಇಎಸ್‌ಐ, ಅಂದರೆ ನೌಕರರ ವಿಮೆ, ಅನ್ವಯವಾದರೆ ನೌಕರನ ಪಾಲು 0.75% ಕೂಡ ಹೋಗುತ್ತದೆ. ಆಫರ್ ಲೆಟರ್ ಬರುವ ಮೊದಲೇ ಈ ಲೆಕ್ಕ ಹೇಳಿಬಿಡಿ. ಮೊದಲ ತಿಂಗಳ ಸಂಬಳ ನೋಡಿ ಬಿಟ್ಟುಹೋಗುವವರ ಸಂಖ್ಯೆ ಅಲ್ಲೇ ಕಡಿಮೆಯಾಗುತ್ತದೆ.

ಐದನೆಯದು, ಶೀಟ್. ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಸಾಕು. ಹೆಸರು, ಊರು, ಈಗಿನ ಕೆಲಸ, ಕೈಗೆ ಬರುವ ಸಂಬಳ, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆ ಕಂಪನಿಯಲ್ಲಿ ದುಡಿಯಬೇಕಾದ ಅವಧಿ), ಯಾಕೆ ಬದಲಿಸುತ್ತಿದ್ದಾರೆ, ಮುಂದೆ ಯಾವಾಗ ಫೋನ್ ಮಾಡಬೇಕು. ಕೊನೆಯ ಕಾಲಮ್ಮಿನಲ್ಲಿ ಚಿಕ್ಕಪುಟ್ಟದ್ದು: ತಂಗಿಯ ಮದುವೆ ಮೇ ತಿಂಗಳಲ್ಲಿ, ಮಾರಿಕಾಂಬಾ ಜಾತ್ರೆಗೆ ರಜೆ ಬೇಕು. ಕಿರಾಣಿ ಅಂಗಡಿಯವರ ತಲೆಯಲ್ಲಿ ಇರುವುದು ಈ ಕೊನೆಯ ಕಾಲಮ್ಮೇ.

ನಾನು ಕೆಡಿಸಿದ್ದು

ಮೊದಲ ವರ್ಷ ಒಂದು ರೆಸಾರ್ಟಿಗೆ ಫ್ರಂಟ್ ಆಫೀಸ್ ಹುಡುಗ ಬೇಕಿತ್ತು. ಅಂಕೋಲಾ ಕಡೆಯ ಒಬ್ಬ ಹುಡುಗ ಸಿಕ್ಕಿದ. ಚುರುಕು, ಇಂಗ್ಲಿಷ್ ಚೆನ್ನಾಗಿತ್ತು. ಅಲ್ಲಿ ಉಳಿಯುವ ಕೋಣೆಯಲ್ಲಿ ಎಂಟು ಜನ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. "ಅಕಾಮಡೇಶನ್ ಇದೆ" ಎಂದಷ್ಟೇ ಹೇಳಿದೆ. ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ನಾಲ್ಕನೇ ದಿನ ಫೋನ್ ಬಂತು. "ಅಣ್ಣಾ, ಒಂದು ರೂಮಿಗೆ ಎಷ್ಟು ಜನ ಅಂತ ನೀವು ಹೇಳ್ಲೇ ಇಲ್ವಲ್ಲ." ಬೈದಿದ್ದರೆ ಬೇಜಾರಾಗುತ್ತಿರಲಿಲ್ಲ.

ಅವನು ಗೋವಾಕ್ಕೆ ಹೋದ. ನನಗೆ ಶುಲ್ಕ ಬರಲಿಲ್ಲ, ಬದಲಿಗೆ ಇನ್ನೊಬ್ಬನನ್ನು ಕೊಡಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಅವನ ಊರಿನಿಂದ ಎರಡು ವರ್ಷ ಒಬ್ಬನೂ ನನ್ನ ಫೋನ್ ಎತ್ತಲಿಲ್ಲ. ಬೆಂಗಳೂರಿನಲ್ಲಾದರೆ ಒಬ್ಬ ಹೋದರೆ ಸಾವಿರ ಜನ ಇರುತ್ತಾರೆ. ಇಲ್ಲಿ ಒಬ್ಬನ ಮಾತು ಒಂದು ಬಸ್ ಸ್ಟಾಪಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಇಡೀ ತಾಲೂಕಿಗೆ ಗೊತ್ತಾಗಿರುತ್ತದೆ. ಈಗ ನಾನು ಕೆಟ್ಟ ಸುದ್ದಿಯನ್ನು ಮೊದಲು ಹೇಳುತ್ತೇನೆ. ಕೋಣೆ, ಪಾಳಿ, ವಾರದ ರಜೆ, ಸಿಡುಕು ಮ್ಯಾನೇಜರ್. ಇಷ್ಟು ಕೇಳಿಯೂ "ಅಡ್ಡಿಲ್ಲ" ಎಂದವರು ಉಳಿಯುತ್ತಾರೆ.

ಆಫರ್ ಕೊಟ್ಟ ಮೇಲೂ ಕೆಲಸ ಮುಗಿದಿರುವುದಿಲ್ಲ. ನೋಟಿಸ್ ಪೀರಿಯಡ್ ಒಂದರಿಂದ ಮೂರು ತಿಂಗಳು ಇರುತ್ತದೆ. ಅಷ್ಟರೊಳಗೆ ಹಳೆ ಕಂಪನಿ ಸಂಬಳ ಏರಿಸುತ್ತದೆ, ಇನ್ನೊಂದು ಕಂಪನಿ ಕರೆಯುತ್ತದೆ, ಮಾವ ಏನೋ ಹೇಳುತ್ತಾನೆ. ವಾರಕ್ಕೊಂದು ಫೋನ್ ಮಾಡಿ, ಎರಡೇ ನಿಮಿಷ. ರಾಜೀನಾಮೆ ಕೊಟ್ಟದ್ದರ ಮೇಲ್ ತೋರಿಸಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಮೊದಲ ಕೆಲಸ ಎಲ್ಲಿ

ಹುಬ್ಬಳ್ಳಿ, ಮಂಗಳೂರು, ಗೋವಾ, ಬೆಂಗಳೂರಿನ ಕನ್ಸಲ್ಟೆನ್ಸಿಗಳು ಮನೆಯಿಂದಲೇ ಕೆಲಸ ಮಾಡುವ ರಿಕ್ರೂಟರ್‌ಗಳನ್ನು ತೆಗೆದುಕೊಳ್ಳುತ್ತವೆ. ಆದರೆ ಸಾಧ್ಯವಿದ್ದರೆ ಮೊದಲ ಆರು ತಿಂಗಳು ಆಫೀಸಿಗೇ ಹೋಗಿ ಕೂರಿ. ಪಕ್ಕದ ಟೇಬಲ್ಲಿನವರು ಫೋನಿನಲ್ಲಿ ಹೇಗೆ ಮಾತಾಡುತ್ತಾರೆ ಎಂದು ಕೇಳಿ ಕಲಿತಷ್ಟು ಯಾವ ವಿಡಿಯೋದಲ್ಲೂ ಕಲಿಯಲಾಗುವುದಿಲ್ಲ. ನಾನು ಎಂಟು ತಿಂಗಳು ಹುಬ್ಬಳ್ಳಿಯಲ್ಲಿ ಇದ್ದೆ. ಸಂಬಳ ರೆಪ್ ಕೆಲಸಕ್ಕಿಂತ ಕಡಿಮೆ ಇತ್ತು. ಮನೆಯಲ್ಲಿ ಮಾತು ಕೇಳಿದ್ದೂ ಆಯಿತು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಇಳಿಯಿರಿ ಎನ್ನುವುದು ಅದಕ್ಕೆ.

ಸೇರುವ ಮೊದಲು ಅವರನ್ನೇ ಇಂಟರ್‌ವ್ಯೂ ಮಾಡಿ. ಇನ್ಸೆಂಟಿವ್ ಯಾವಾಗ ಕೊಡುತ್ತಾರೆ, ಅಭ್ಯರ್ಥಿ ಸೇರಿದಾಗಲೋ ಕಂಪನಿ ಹಣ ಕೊಟ್ಟಾಗಲೋ? ನೌಕರಿ, ಲಿಂಕ್ಡ್‌ಇನ್ ಲಾಗಿನ್ ಕೊಡುತ್ತಾರಾ? ಸೇರಲು ನಿಮ್ಮಿಂದಲೇ "ಟ್ರೇನಿಂಗ್ ಫೀ" ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಊರಿನಿಂದ ಕೆಲಸ ಮಾಡುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಇನ್ವರ್ಟರ್, ಫೈಬರ್ ಸಂಪರ್ಕ, ಎರಡು ಬೇರೆ ಕಂಪನಿಯ ಸಿಮ್, ಇಷ್ಟನ್ನು ಬಂಡವಾಳ ಎಂದೇ ಲೆಕ್ಕ ಹಾಕಿ. ಜೋಯಿಡಾ, ಯಲ್ಲಾಪುರದ ಒಳಹಳ್ಳಿಯವರು ಪೇಟೆಯಲ್ಲಿ ಒಂದು ಸಣ್ಣ ಕೋಣೆ ಹಿಡಿಯುವುದೇ ವಾಸಿ.

ದುಡ್ಡು ಮತ್ತು ಕಾನೂನು

ಸ್ವಂತವಾಗಿ ಶುರು ಮಾಡುವವರಿಗೆ ಇದು ಬೇಕು. ಕನ್ಸಲ್ಟೆನ್ಸಿ ಶುಲ್ಕವಾಗಿ ಬಹಳ ಕಡೆ ವಾರ್ಷಿಕ ಸಿಟಿಸಿಯ 8.33% ಎಂದು ಬರೆಯುತ್ತಾರೆ. ಅಂದರೆ ಹನ್ನೆರಡರಲ್ಲಿ ಒಂದು ಭಾಗ, ಒಂದು ತಿಂಗಳ ಸಂಬಳ. 3 ಲಕ್ಷದ ಹುದ್ದೆಗೆ ಸುಮಾರು 25,000. ಜೊತೆಗೆ ಬದಲಿ ಷರತ್ತು ಇರುತ್ತದೆ. 60 ಅಥವಾ 90 ದಿನದೊಳಗೆ ಆ ವ್ಯಕ್ತಿ ಬಿಟ್ಟರೆ ಪುಕ್ಕಟೆ ಇನ್ನೊಬ್ಬರನ್ನು ಕೊಡಬೇಕು. ಕಂಪನಿಯವರೇ ತೆಗೆದುಹಾಕಿದರೆ ಈ ಷರತ್ತು ಇಲ್ಲ ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಈ ಸೇವೆಗೆ ದರ 18%. ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಪುಕ್ಕಟೆ, ಮೊದಲ ವಾರವೇ ಮಾಡಿಸಿ. ಅತಿಸಣ್ಣ, ಸಣ್ಣ ಉದ್ದಿಮೆಯ ಬಿಲ್ಲನ್ನು 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. "ಮುಂದಿನ ವಾರ ನೋಡೋಣ" ಎನ್ನುವ ಅಕೌಂಟ್ಸ್ ವಿಭಾಗದವರಿಗೆ ಇದನ್ನು ಮೆತ್ತಗೆ ನೆನಪಿಸಬಹುದು.

ಅಭ್ಯರ್ಥಿಯಿಂದ ಹಣ ತೆಗೆದುಕೊಳ್ಳಬೇಡಿ. ಒಂದು ರೂಪಾಯಿಯೂ ಬೇಡ. ಕೈಗಾದಲ್ಲಿ ಪರ್ಮನೆಂಟ್, ಸೀಬರ್ಡ್‌ನಲ್ಲಿ ಸಿವಿಲಿಯನ್ ಪೋಸ್ಟ್ ಎಂದು ಎರಡು ಮೂರು ಲಕ್ಷ ಕಳೆದುಕೊಂಡವರ ಕತೆ ನಮ್ಮ ಕಡೆ ಕೇಳದ ಮನೆ ಇಲ್ಲ. ಅಣುಸ್ಥಾವರವಾಗಲಿ ನೌಕಾನೆಲೆಯಾಗಲಿ, ಕಾಯಂ ಹುದ್ದೆಗೆ ಸರ್ಕಾರಿ ಜಾಹೀರಾತು ಬರುತ್ತದೆ, ಪರೀಕ್ಷೆ ನಡೆಯುತ್ತದೆ. ಖಾಸಗಿ ಕನ್ಸಲ್ಟೆಂಟ್‌ಗೆ ಅಲ್ಲಿ ಕೆಲಸವೇ ಇಲ್ಲ. ಯಾರಾದರೂ "ನಿಮಗೆ ಒಳಗೆ ಗೊತ್ತಿರಬೇಕಲ್ಲ" ಎಂದು ಕೇಳಿಕೊಂಡು ಬಂದರೆ ಅವರಿಗೆ ಜಾಹೀರಾತು ಎಲ್ಲಿ ನೋಡಬೇಕೆಂದು ತೋರಿಸಿ ಕಳಿಸಿ. ನಾನು ಮಾಡುವುದು ಅದನ್ನೇ, ಜೊತೆಗೊಂದು ಚಾ.

ಗಲ್ಫ್ ಕೆಲಸದ ಮಾತು ಇನ್ನೂ ಸೂಕ್ಷ್ಮ. ಭಟ್ಕಳ, ಹೊನ್ನಾವರದಲ್ಲಿ ದುಬೈ ಅಂದರೆ ಪಕ್ಕದ ಊರಿನ ಹಾಗೆ. "ನನಗೆ ಗೊತ್ತಿರುವ ಕಂಪನಿ ಇದೆ, ನಾಲ್ಕು ಡ್ರೈವರ್ ಕಳಿಸಿ" ಎಂದು ಯಾರೋ ಹೇಳುತ್ತಾರೆ. ಸಹಾಯ ಅಂದುಕೊಂಡು ಕೈಹಾಕಬೇಡಿ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿದೇಶಕ್ಕೆ ಜನರನ್ನು ನೇಮಿಸುವುದು ಅಪರಾಧ, ಜೈಲು ಶಿಕ್ಷೆಯೂ ಇದೆ. ನೋಂದಾಯಿತ ಏಜೆಂಟರು ಕೂಡ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಸೇವಾಶುಲ್ಕ ಪಡೆಯುವಂತಿಲ್ಲ. ಏಜೆಂಟರಿಗೆ ಪರವಾನಗಿ ಇದೆಯೋ ಇಲ್ಲವೋ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು.

ರೆಸ್ಯೂಮೆಗಳ ಬಗ್ಗೆ ಎಚ್ಚರ ಇರಲಿ. ಒಬ್ಬರ ರೆಸ್ಯೂಮೆಯನ್ನು ಕೇಳದೆ ಹತ್ತು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಕಾಯ್ದೆ ಬಿಡಿ, ಆ ಗುಂಪಿನಲ್ಲಿ ಅವರ ಈಗಿನ ಮ್ಯಾನೇಜರ್ ಇದ್ದರೆ? ಪ್ರತಿ ಕಂಪನಿಗೆ ಕಳಿಸುವ ಮೊದಲು "ಇವರಿಗೆ ಕಳಿಸಲಾ?" ಎಂದು ಒಂದು ಮೆಸೇಜು ಹಾಕಿ ಒಪ್ಪಿಗೆ ಪಡೆಯಿರಿ.

ಸಲಹೆಗಾರ ಆಗುವುದು

ಈಗ ಅಡ್ವೈಸರಿ ಮಾತು. ಕೊನೆಗೌಡ ಸಿಗದೇ ಹೋದಾಗ ತೋಟದವರು ಎರಡು ದಾರಿ ನೋಡಿದರು. ಕೆಲವರು ಕೂಲಿ ಏರಿಸುತ್ತಾ ಹೋದರು. ಇನ್ನು ಕೆಲವರು ಕಾರ್ಬನ್ ಫೈಬರ್ ದೋಟಿ ತಂದರು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಹಾಗಾದಾಗ ಬೇಕಾದ ಮನುಷ್ಯನೇ ಬೇರೆಯಾದ. ಮರ ಹತ್ತಲು ಬರಬೇಕಿಲ್ಲ, ತೋಳಿನಲ್ಲಿ ಬಲ ಮತ್ತು ಗುರಿ ಇದ್ದರೆ ಸಾಕು.

ಸಲಹೆಗಾರ ಕಂಪನಿಗೆ ಹೇಳಬೇಕಾದ್ದು ಇಂಥದ್ದನ್ನು. ಒಮ್ಮೆ ಒಂದು ಆಸ್ಪತ್ರೆ ಐದು ವರ್ಷ ಅನುಭವದ ಐಸಿಯು ನರ್ಸ್ ಬೇಕೆಂದು ಏಳು ತಿಂಗಳು ಹುಡುಕಿಸಿತು. ನಾನು ನನ್ನ ಶೀಟ್ ತೆಗೆದು ತೋರಿಸಿದೆ. ಮೂವತ್ತನಾಲ್ಕು ಜನರ ಜೊತೆ ಮಾತಾಡಿದ್ದೆ. ಇಪ್ಪತ್ತಾರು ಜನ ಬೇಡ ಎಂದದ್ದು ಸಂಬಳಕ್ಕಲ್ಲ, ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಹೋಗಲು ಬಸ್ಸಿಲ್ಲ ಎಂದು. ಆಸ್ಪತ್ರೆಯವರು ಒಂದು ವ್ಯಾನ್ ಗೊತ್ತು ಮಾಡಿದರು, ಅನುಭವವನ್ನು ಎರಡು ವರ್ಷಕ್ಕೆ ಇಳಿಸಿದರು, ಹಿರಿಯ ನರ್ಸ್ ಒಬ್ಬರಿಗೆ ಹೊಸಬರನ್ನು ತಯಾರು ಮಾಡುವ ಜವಾಬ್ದಾರಿ ಮತ್ತು ಅದಕ್ಕೆ ಭತ್ಯೆ ಕೊಟ್ಟರು. ಐದು ವಾರದಲ್ಲಿ ಮೂವರು ಸೇರಿದರು.

ಗಮನಿಸಿ, ಅಲ್ಲಿ ನಾನು ಮಾಡಿದ್ದು ಯಾರೂ ಬರೆದಿಡದ "ಬೇಡ"ಗಳನ್ನು ಬರೆದಿಟ್ಟದ್ದು ಮಾತ್ರ. ಮೊದಲ ದಿನದಿಂದ ಯಾಕೆ ಬೇಡ ಎಂದರು ಎಂಬ ಕಾಲಮ್ ತುಂಬುತ್ತಾ ಬಂದರೆ ಎರಡು ಮೂರು ವರ್ಷದಲ್ಲಿ ನಿಮ್ಮ ಹತ್ತಿರ ಇರುವ ಮಾಹಿತಿ ಬೆಂಗಳೂರಿನ ದೊಡ್ಡ ಸಂಸ್ಥೆಯ ಹತ್ತಿರವೂ ಇರುವುದಿಲ್ಲ. ಅವರಿಗೆ ಕಾರವಾರ ಅಂದರೆ ನಕ್ಷೆಯ ಮೇಲೊಂದು ಚುಕ್ಕೆ. ಬಿಣಗಾದ ಕಾರ್ಖಾನೆಯ ಪಾಳಿ ಎಷ್ಟಕ್ಕೆ ಬದಲಾಗುತ್ತದೆ, ದಾಂಡೇಲಿಯ ಪೇಪರ್ ಮಿಲ್ ಹುಡುಗರು ಯಾವ ಸಂಬಳಕ್ಕೆ ಊರು ಬಿಡುತ್ತಾರೆ, ಶಿರಸಿಯ ಸಹಕಾರಿ ಸಂಘಗಳಲ್ಲಿ ಕೆಲಸ ಸಿಕ್ಕವರು ಯಾಕೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ, ಇವೆಲ್ಲ ಇಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವ ಸಂಗತಿ. ಇದಕ್ಕೆ ಬೇರೆ ಶುಲ್ಕ ಕೇಳಿ. ಮೊದಮೊದಲು ನಾನು ಸಂಕೋಚಪಟ್ಟು ಪುಕ್ಕಟೆ ಹೇಳುತ್ತಿದ್ದೆ. ಪುಕ್ಕಟೆ ಹೇಳಿದ್ದನ್ನು ಯಾರೂ ಮಾಡಲಿಲ್ಲ.

ಯಾವಾಗ ಶುರು ಮಾಡಬೇಕು

ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಬಂದರು ಸುಮ್ಮನಿರುತ್ತದೆ. ರೆಸಾರ್ಟುಗಳು ಅರ್ಧ ಖಾಲಿ, ಮಾಲೀಕರಿಗೆ ಕೂತು ಮಾತಾಡಲು ಪುರುಸೊತ್ತು. ಎರಡು ವಾರದ ಪರೀಕ್ಷೆಯನ್ನು ಜೂನ್‌ನಲ್ಲಿ ಮುಗಿಸಿ. ಜುಲೈನಲ್ಲಿ ಸರ್ಚ್, ಸಂಬಳದ ಲೆಕ್ಕ ಕಲಿಯಿರಿ, ಕನ್ಸಲ್ಟೆನ್ಸಿಗಳಿಗೆ ಅರ್ಜಿ ಹಾಕಿ. ಆಗಸ್ಟಿನಲ್ಲಿ ಹೋಟೆಲಿನವರು ಅಕ್ಟೋಬರದ ಸೀಸನ್ನಿಗೆ ಜನ ಹುಡುಕಲು ಶುರು ಮಾಡುತ್ತಾರೆ. ಕೊಯ್ಲು ಶುರುವಾದರೆ ಅಡಿಕೆ ಮಂಡಿಗಳಿಗೆ ಲೆಕ್ಕ ಬರೆಯುವವರು ಬೇಕು.

ಮಾವನ ಊರಿನ ಅಂಗಡಿಯವರು ಕೊನೆಗೌಡರಿಗೆ ಮೊದಲ ಫೋನ್ ಮಾಡುವುದು ಚೌತಿ ಮುಗಿದ ಮರುವಾರ. ಅಷ್ಟರೊಳಗೆ ನಿಮ್ಮ ಶೀಟಿನಲ್ಲಿ ನಲವತ್ತು ಹೆಸರಾದರೂ ಇರಲಿ, ಕೊನೆಯ ಕಾಲಮ್ ತುಂಬಿಸಿ.